ದುಡಿಮೆ ಇದ್ದಷ್ಟು ದಿನ ಮನೆ

ಪುತ್ತೂರಿನಿಂದ ಸುಳ್ಯಕ್ಕೆ ಹೊರಟ ಬಸ್ಸು ಕುಂಬ್ರ ದಾಟಿ ಕೌಡಿಚ್ಚಾರಿನಲ್ಲಿ ನಿಂತಾಗ ಹತ್ತುವವರ ಮಾತಿಗೆ ಕಿವಿಗೊಡಬೇಕು. ಕಂಡಕ್ಟರನ ಹತ್ತಿರ ತುಳು, ಪಕ್ಕದ ಸೀಟಿನ ಟೀಚರ ಹತ್ತಿರ ಕನ್ನಡ, ಮೊಬೈಲಿನಲ್ಲಿ ಮನೆಯವರ ಹತ್ತಿರ ತಮಿಳು. ಮೂರನ್ನೂ ಒಬ್ಬಳೇ ಹುಡುಗಿ ತಡವರಿಸದೆ ಆಡುತ್ತಾಳೆ. ಈ ಸೀಮೆಯಲ್ಲಿ ಭಾಷೆಗಳಿಗೇನೂ ಬರವಿಲ್ಲ. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಎಲ್ಲವೂ ಇವೆ. ಅವೆಲ್ಲ ಇಲ್ಲಿಗೆ ಬಂದು ಸೇರಿದ್ದು ನಿಧಾನವಾಗಿ, ತಲೆಮಾರುಗಳ ಕಾಲ, ಬೇಸಾಯಕ್ಕೋ ವ್ಯಾಪಾರಕ್ಕೋ ದೇವಸ್ಥಾನದ ಕೆಲಸಕ್ಕೋ. ತಮಿಳು ಮಾತ್ರ ಬಂದದ್ದು ಸರಕಾರದ ಫೈಲಿನಲ್ಲಿ, ಎರಡು ದೇಶಗಳ ಪ್ರಧಾನಿಗಳ ಸಹಿಯ ಬಲದಿಂದ.

1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದ ಅದು. ಸ್ವಾತಂತ್ರ್ಯ ಸಿಕ್ಕ ವರ್ಷವೇ, 1948ರಲ್ಲಿ, ಸಿಲೋನ್ ತನ್ನ ಪೌರತ್ವ ಕಾಯ್ದೆಯ ಮೂಲಕ ಚಹಾತೋಟದ ತಮಿಳು ಕಾರ್ಮಿಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತ್ತು. ಹಾಗೆ ಅತಂತ್ರರಾಗಿದ್ದ 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ, 3,00,000 ಮಂದಿಯನ್ನು ಸಿಲೋನ್ ಸ್ವೀಕರಿಸಬೇಕು, ಅದಕ್ಕೆ ಹದಿನೈದು ವರ್ಷ ಗಡುವು ಎಂದಾಯಿತು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಸಮಪಾಲು ಮಾಡಿಕೊಂಡರು. ಯಾರು ಯಾವ ದಡ ಎಂಬುದು ಅರ್ಜಿ, ಗಡುವು, ಕೋಟಾಗಳಲ್ಲಿ ತೀರ್ಮಾನವಾಯಿತು. ಅಣ್ಣ ಈ ದಡ, ತಮ್ಮ ಆ ದಡ ಆದ ಕುಟುಂಬಗಳು ಎಷ್ಟೋ.

ಇವರ ಅಜ್ಜ ಮುತ್ತಜ್ಜಂದಿರು ತಿರುಚಿರಾಪಳ್ಳಿ, ಪುದುಕೋಟೆ, ಸೇಲಂ, ಮಧುರೆ ಕಡೆಯ ಬರಗಾಲದ ಊರುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲು ದಾಟಿದವರು. ಕರೆದೊಯ್ದವನು ಕಂಗಾಣಿ. ಮುಂಗಡ ಸಾಲ ಕೊಟ್ಟು ಆಳು ಹೊಂದಿಸುವ ಮೇಸ್ತ್ರಿ ಆತ. ಮೊದಲು ಕಾಫಿ ತೋಟ. ಎಲೆರೋಗ ಬಂದು ಕಾಫಿ ನಾಶವಾದ ಮೇಲೆ ಚಹಾ. ಅಲ್ಲಿ ಅವರಿಗೆ ಸಿಕ್ಕ ಮನೆಗೆ ಲೈನ್ ಎನ್ನುತ್ತಿದ್ದರು. ಉದ್ದಕ್ಕೆ ಒಂದೇ ಮಾಡು, ನಡುವೆ ಗೋಡೆ ಹಾಕಿ ಮಾಡಿದ ಹತ್ತು ಅಡಿ, ಹನ್ನೆರಡು ಅಡಿಯ ಕೋಣೆಗಳು, ಕೋಣೆಗೊಂದು ಸಂಸಾರ. ತೋಟದ ಕೆಲಸ ಇದ್ದರೆ ಲೈನ್, ಕೆಲಸ ಹೋದರೆ ಲೈನೂ ಹೋಯಿತು. ಈ ಕರಾರನ್ನು ನೆನಪಿಟ್ಟುಕೊಳ್ಳಬೇಕು. ಕಡಲು ದಾಟಿ ವಾಪಸ್ಸು ಬಂದವರ ಹಿಂದೆಯೇ ಅದೂ ಬಂತು.

ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಸರದಿ ನಿಲ್ಲುವುದು ಎಲ್ಲರ ದಾರಿ. ಶಿಬಿರದಲ್ಲಿ ಒಂದು ಫ್ಯಾಮಿಲಿ ಕಾರ್ಡು ಕೊಡುತ್ತಿದ್ದರು. ಮನೆಯವರ ಹೆಸರು, ವಯಸ್ಸು, ಯಾವ ಪುನರ್ವಸತಿ ಯೋಜನೆ ಎಂಬುದು ಅದರಲ್ಲಿ ನಮೂದಾಗುತ್ತಿತ್ತು. ಮಡಿಕೆಗಳಲ್ಲಿ ಹರಿದು ಪ್ಲಾಸ್ಟಿಕ್ ಕವರಿನೊಳಗೆ ಸೇರಿರುವ ಆ ಕಾರ್ಡನ್ನು ಇವತ್ತಿಗೂ ಇವರ ಮನೆಗಳಲ್ಲಿ ಬಂಗಾರಕ್ಕಿಂತ ಜೋಪಾನ ಮಾಡುತ್ತಾರೆ. ಅದಕ್ಕೆ ಕಾರಣವಿದೆ. ರೇಷನ್ ಕಾರ್ಡು, ಮತದಾರರ ಪಟ್ಟಿ, ಶಾಲೆಯ ಸೇರ್ಪಡೆ, ಜಾತಿ ಪ್ರಮಾಣಪತ್ರ, ಯಾವುದಕ್ಕೆ ಹೋದರೂ ಈ ಜನ ಮೊದಲು ಸಾಬೀತು ಮಾಡಬೇಕಾದದ್ದು ತಾವು ಎಲ್ಲಿಂದ, ಯಾವ ಹಕ್ಕಿನಿಂದ ಬಂದೆವು ಎಂಬುದನ್ನು. ಇವರು ಭಾರತದ ಪಾಸ್‌ಪೋರ್ಟ್ ಹಿಡಿದು ಬಂದ ಪ್ರಜೆಗಳು. 1983ರ ಹಿಂಸಾಚಾರದ ನಂತರ ದೋಣಿ ಹತ್ತಿ ಬಂದು ತಮಿಳುನಾಡಿನ ಶಿಬಿರಗಳಲ್ಲಿ ಉಳಿದ ನಿರಾಶ್ರಿತರ ಕತೆ ಬೇರೆ. ಎರಡನ್ನೂ ಒಂದೇ ಮಾಡಿ ನೋಡುವ ಅಧಿಕಾರಿಗಳಿಗೆ ಈ ವ್ಯತ್ಯಾಸ ಹೇಳಿ ಹೇಳಿ ಮೂರು ತಲೆಮಾರು ಸುಸ್ತಾಗಿದೆ.

ಬಂದವರಿಗೆಲ್ಲ ಕೆಲಸ ಕೊಡಬೇಕಲ್ಲ. ತಮಿಳುನಾಡು ನೀಲಗಿರಿಯಲ್ಲಿ ಚಹಾ ನೆಟ್ಟಿತು. ಅದೇ ಮುಂದೆ ಟ್ಯಾನ್‌ಟೀ ನಿಗಮವಾಯಿತು. ಕೇರಳ ಪುನಲೂರಿನಲ್ಲಿ ಪುನರ್ವಸತಿ ಪ್ಲಾಂಟೇಶನ್ ಕಂಪನಿ ಮಾಡಿ ರಬ್ಬರ್ ಬೆಳೆಸಿತು. ಕರ್ನಾಟಕ ಆರಿಸಿಕೊಂಡದ್ದು ಸುಳ್ಯ, ಪುತ್ತೂರು ತಾಲೂಕುಗಳ ಮೀಸಲು ಅರಣ್ಯವನ್ನು. ಅರಣ್ಯ ಇಲಾಖೆ ಶುರು ಮಾಡಿದ ರಬ್ಬರ್ ತೋಟಗಳು ಮುಂದೆ 1971ರಲ್ಲಿ ಹುಟ್ಟಿದ ನಿಗಮದ ಕೈಗೆ ಬಂದವು. ಇವತ್ತಿನ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ, ಊರವರ ಬಾಯಲ್ಲಿ ರಬ್ಬರ್ ನಿಗಮ ಇಲ್ಲವೇ ಕೆಎಫ್‌ಡಿಸಿ, ಅದೇ. ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ರಬ್ಬರ್, ಅದರ ನಡುನಡುವೆ ಕಾಲನಿಗಳು. ಐವರ್ನಾಡು, ದುಗಲಡ್ಕ, ಮೇದಿನಡ್ಕ, ನಾಗಪಟ್ಟಣ, ಕೌಡಿಚ್ಚಾರು, ಈಗ ಕಡಬ ತಾಲೂಕಿಗೆ ಸೇರಿರುವ ಐತ್ತೂರು. ಸಿಲೋನಿನಿಂದ ಬಂದವರ ಸಿಆರ್‌ಸಿ ಕಾಲನಿ ಎಂದರೆ ಆಟೋದವರಿಗೆ ಬೇರೆ ವಿಳಾಸ ಬೇಡ.

ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಕೆಲಸವನ್ನು ಹತ್ತಿರದಿಂದ ನೋಡದೆ ಈ ಮನೆಗಳ ವಿಷಯ ಅರ್ಥವಾಗದು. ನಸುಕಿನಲ್ಲಿ, ಕೆಲವರು ನಾಲ್ಕು ಗಂಟೆಗೇ, ಹಣೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಬಿಸಿಲೇರಿದರೆ ಹಾಲಿನ ಹರಿವು ಇಳಿಯುತ್ತದೆ, ಆದ್ದರಿಂದ ಕತ್ತಲು ಹರಿಯುವ ಮೊದಲೇ ಅರ್ಧ ಮರ ಮುಗಿದಿರಬೇಕು. ಮರದ ತೊಗಟೆಯನ್ನು ಎಡಮೇಲಿನಿಂದ ಬಲಕೆಳಕ್ಕೆ ಓರೆಯಾಗಿ, ಕಾಗದದಷ್ಟು ತೆಳುವಾಗಿ ಕೆರೆಯುತ್ತಾರೆ. ಚೂರಿ ಒಂದು ಕೂದಲೆಳೆ ಆಳಕ್ಕೆ ಇಳಿದರೂ ಮರಕ್ಕೆ ಗಾಯ, ಗಾಯವಾದಲ್ಲಿ ಮುಂದೆ ಗಂಟು, ಗಂಟಿನ ಮೇಲೆ ಹಾಲಿಲ್ಲ. ಮೇಲೆ ಮೇಲೆ ಕೆರೆದರೆ ಹಾಲೇ ಬಾರದು. ಆ ನಡುವಿನ ಅಳತೆ ಕಣ್ಣಿಗೆ ಕಾಣುವಂಥದ್ದಲ್ಲ, ಮಣಿಕಟ್ಟಿಗೆ ಗೊತ್ತಾಗುವಂಥದ್ದು. ಒಂದು ಮರದಿಂದ ಇನ್ನೊಂದು ಮರಕ್ಕೆ, ಹೀಗೆ ಮುನ್ನೂರರ ಹತ್ತಿರ ಹತ್ತಿರ. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬಂದು ಕಪ್ಪುಗಳ ಹಾಲನ್ನು ಬಕೆಟಿಗೆ ಸುರಿದು, ಹೊತ್ತು ತಂದು, ತೂಕ ಹಾಕಿಸಬೇಕು. ಗೆರಟೆಯಲ್ಲಿ ಗಟ್ಟಿಯಾಗಿ ಉಳಿದದ್ದು ಸ್ಕ್ರ್ಯಾಪ್. ಹಾಲಿಗೆ ಆಸಿಡ್ ಹಾಕಿ, ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದರೆ ಶೀಟು. ಆ ಹುಳಿ ವಾಸನೆ ಬಟ್ಟೆಯಿಂದ ಹೋಗುವುದೇ ಇಲ್ಲ. ಈ ತಾಲೂಕಿನ ಮಳೆಯಲ್ಲಿ, ಜಿಗಣೆಯಲ್ಲಿ, ಆನೆಯ ಓಡಾಟವಿರುವ ಕಾಡಿನಂಚಿನಲ್ಲಿ ಈ ಕೆಲಸವನ್ನು ಹೆಂಗಸರು, ಗಂಡಸರು ಐವತ್ತು ವರ್ಷ ಮಾಡಿದರು.

ಇಂಥ ಕೆಲಸಕ್ಕೆ ಜನ ತೋಟದಲ್ಲೇ ಇರಬೇಕು. ಅದಕ್ಕಾಗಿಯೇ ಮನೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ 15ನೆಯ ಕಲಮು ತೋಟದಲ್ಲಿ ವಾಸಿಸುವ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವಸತಿ ಕೊಡುವುದು ಮಾಲೀಕನ ಕರ್ತವ್ಯ ಎಂದಿತು. ಒಳ್ಳೆಯ ಕಾನೂನು, ಲೈನ್ ಕೋಣೆಗಳ ನರಕವನ್ನು ಕಂಡು ಮಾಡಿದ್ದು. ಆದರೆ ಅದು ಮನೆಯನ್ನು ಕೆಲಸಕ್ಕೆ ಕಟ್ಟಿಹಾಕಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದಷ್ಟು ದಿನ ಮನೆ. ನಿವೃತ್ತಿಯ ದಿನ ಬಂತೆಂದರೆ ಕ್ವಾರ್ಟರ್ಸ್ ಬಿಡಬೇಕು.

ಬಿಟ್ಟು ಹೋಗುವುದು ಎಲ್ಲಿಗೆ? ಬೇರೆ ಸರಕಾರಿ ನೌಕರನಿಗೆ ಕ್ವಾರ್ಟರ್ಸ್ ಬಿಟ್ಟರೆ ಊರಿನಲ್ಲೊಂದು ತರವಾಡು ಮನೆಯೋ, ಹಿಸ್ಸೆಯ ಜಾಗವೋ ಇರುತ್ತದೆ. ಆದರೆ ಸೇಲಂ ಬದಿಯ ಯಾವುದೋ ಹಳ್ಳಿಯನ್ನು ಇವರ ಮುತ್ತಜ್ಜ ನೂರೈವತ್ತು ವರ್ಷದ ಹಿಂದೆ ಬಿಟ್ಟಾಗಿದೆ, ಸಿಲೋನಿನ ಲೈನನ್ನು ಅಪ್ಪ ಅಮ್ಮ ಬಿಟ್ಟಾಗಿದೆ. ಹಾಗಾಗಿ ಕಾಲನಿಯ ಮನೆಗಳಲ್ಲಿ ಒಂದು ಲೆಕ್ಕಾಚಾರ ತಾನಾಗಿ ಬೆಳೆಯಿತು. ಅಪ್ಪ ನಿವೃತ್ತನಾಗುವ ಮೊದಲು ಮಕ್ಕಳಲ್ಲಿ ಒಬ್ಬರಾದರೂ ನಿಗಮದ ಕೆಲಸಕ್ಕೆ ಸೇರಿರಬೇಕು. ಚೆನ್ನಾಗಿ ಓದುವ ಮಗನಿಗೆ ಸುಳ್ಯದ ಕಾಲೇಜಿನಲ್ಲಿ ಸೀಟು ಸಿಕ್ಕರೂ, ಮಗಳಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕರೂ, ಯಾರಾದರೊಬ್ಬರು ಚೂರಿ ಹಿಡಿಯಬೇಕು, ಇಲ್ಲದಿದ್ದರೆ ಅಜ್ಜಿ ಬೀದಿಗೆ. ಈ ಸಮಸ್ಯೆಯ ಹೃದಯ ಇರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಬಡವನಿಗೆ ಮನೆ ಕೊಟ್ಟ ಯೋಜನೆ ಆ ಮನೆಯ ಮೂಲಕವೇ ಅವನ ಮೊಮ್ಮಕ್ಕಳ ಬದುಕನ್ನೂ ಒಂದೇ ಕಸುಬಿಗೆ ಗೂಟ ಹೊಡೆದು ಕಟ್ಟಿತು.

ಆ ಕಸುಬಾದರೂ ಭದ್ರವೇ? 2011ರಲ್ಲಿ ಕೆ.ಜಿ.ಗೆ 200 ರೂಪಾಯಿ ದಾಟಿದ್ದ ರಬ್ಬರ್ 2016ರ ಆರಂಭದಲ್ಲಿ 100ರ ಕೆಳಗೆ ಬಿತ್ತು. ಬೆಲೆ ಬಿದ್ದಾಗ ಮೊದಲು ಹಿಂದೆ ಬೀಳುವುದು ಮನೆಗಳ ರಿಪೇರಿ. ಸೋರುವ ಮಾಡು, ಕುಸಿಯುವ ಗೋಡೆ. ಜೂನ್ ಬಂತೆಂದರೆ ಟಾರ್ಪಾಲು. ಮನೆ ತನ್ನದಲ್ಲವಾದ ಕಾರಣ ಸ್ವಂತ ದುಡ್ಡು ಹಾಕಿ ಗೋಡೆ ಎಬ್ಬಿಸಲು ಕಾರ್ಮಿಕನಿಗೆ ಧೈರ್ಯವಿಲ್ಲ, ಹಾಗೆಯೇ ಬಿಟ್ಟರೆ ಮಳೆ ಬಿಡುವುದಿಲ್ಲ.

ಹಾಗಾದರೆ ಮನೆಯನ್ನು ಅವರ ಹೆಸರಿಗೆ ಮಾಡಿಕೊಟ್ಟರಾಯಿತಲ್ಲ ಎಂದು ಯಾರಾದರೂ ಕೇಳುತ್ತಾರೆ. ಕಾಲನಿ ಕುಳಿತಿರುವುದು ಅರಣ್ಯ ಭೂಮಿಯಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ಸೆಂಟ್ ಅರಣ್ಯವನ್ನು ಬೇರೆ ಉದ್ದೇಶಕ್ಕೆ ಬಿಡಬೇಕಾದರೂ ಕೇಂದ್ರದ ಒಪ್ಪಿಗೆ ಬೇಕು. ನಮ್ಮ ಜಿಲ್ಲೆಯಲ್ಲಿ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳಿಗೆ 94ಸಿ ಅಡಿಯಲ್ಲಿ ಹಕ್ಕುಪತ್ರ ಸಿಕ್ಕಿದೆ; ಅದು ಕಂದಾಯ ಭೂಮಿಗೆ, ಅರಣ್ಯಕ್ಕೆ ಅನ್ವಯಿಸದು. ಅರಣ್ಯದಲ್ಲಿ ಬದುಕಿದವರಿಗೆಂದೇ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. 1930ಕ್ಕೆ ಹೋಗಬೇಕು. 1930ರಲ್ಲಿ ಈ ಜನರ ಅಜ್ಜಂದಿರು ಸಿಲೋನಿನ ನುವಾರ ಎಲಿಯದ ಗುಡ್ಡಗಳಲ್ಲಿ ಚಹಾ ಚಿಗುರು ಕೀಳುತ್ತಿದ್ದರು. ಇವರನ್ನು ಅರಣ್ಯಕ್ಕೆ ಕರೆತಂದು ಕೂರಿಸಿದ್ದೇ ಸರಕಾರ. ಆದರೂ ಅರಣ್ಯವಾಸಿಗಳ ಕಾನೂನಿನೊಳಗೆ ಇವರಿಗೆ ಬಾಗಿಲಿಲ್ಲ. ಹಕ್ಕುಪತ್ರವಿಲ್ಲದೆ ಪಂಚಾಯತ್‌ನ ನಮೂನೆ 9, 11 ಇಲ್ಲ; ಅದಿಲ್ಲದೆ ಪ್ರಧಾನಮಂತ್ರಿ ಆವಾಸ್ ಆಗಲಿ ಅಂಬೇಡ್ಕರ್ ವಸತಿ ಯೋಜನೆಯಾಗಲಿ ಹತ್ತಿರ ಸುಳಿಯದು.

ಇನ್ನೊಂದು ಬಾಗಿಲು ಜಾತಿಯದು. ಬಂದವರಲ್ಲಿ ಹೆಚ್ಚಿನವರು ಆದಿ ದ್ರಾವಿಡ, ಪಳ್ಳನ್, ಪರೈಯನ್ ಮುಂತಾದ ದಲಿತ ಸಮುದಾಯಗಳವರು. ಈ ಹೆಸರುಗಳು ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿಯೂ ಇವೆ. ಆದರೂ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದವರು ಕಾಲನಿಗಳಲ್ಲಿ ಸಿಗುತ್ತಾರೆ. ಅಡ್ಡ ಬರುವುದು ವಲಸೆಯ ಪ್ರಶ್ನೆ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಆ ಸೌಲಭ್ಯ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೆ ಇಲ್ಲಿ ಒಂದು ಮಾತನ್ನು ಯಾರೂ ಗಟ್ಟಿಯಾಗಿ ಎತ್ತುವುದಿಲ್ಲ. ಪರಿಶಿಷ್ಟ ಜಾತಿಗಳ ಮೊದಲ ಆದೇಶ ಹೊರಟದ್ದು 1950ರಲ್ಲಿ. ಆಗ ಪುತ್ತೂರೂ ಸುಳ್ಯವೂ ಮದ್ರಾಸ್ ರಾಜ್ಯದಲ್ಲಿದ್ದವು, ಸೇಲಂ, ತಿರುಚಿರಾಪಳ್ಳಿಗಳೂ ಮದ್ರಾಸ್ ರಾಜ್ಯದಲ್ಲಿದ್ದವು. ನಡುವೆ ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು. ಮೂಲ ಊರು ಹಿಡಿದು ಲೆಕ್ಕ ಹಾಕುವುದಾದರೆ ಇವರು ಅಂದಿನ ಒಂದೇ ರಾಜ್ಯದ ಒಂದು ಮೂಲೆಯಿಂದ, ಕಡಲು ಬಳಸಿ, ಇನ್ನೊಂದು ಮೂಲೆಗೆ ಬಂದವರು. ಅದೂ ತಾವಾಗಿ ವಲಸೆ ಬಂದವರಲ್ಲ, ಸರಕಾರ ಕರೆತಂದವರು. ಈ ವಾದ ಕೋರ್ಟಿನಲ್ಲಿ ಎಷ್ಟು ದೂರ ನಿಲ್ಲುತ್ತದೋ ವಕೀಲರು ಹೇಳಲಿ. ನ್ಯಾಯದ ದೃಷ್ಟಿಯಿಂದ ಅದಕ್ಕೆ ತೂಕವಿದೆ.

ಪ್ರಮಾಣಪತ್ರಕ್ಕೂ ಮನೆಗೂ ನೇರ ನಂಟಿದೆ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ದಲಿತರಿಗೆಂದು ಕಾದಿರಿಸಿದ ಡಿಸಿ ಮನ್ನಾ ಭೂಮಿ ಊರೂರಿನಲ್ಲಿದೆ. ಅದನ್ನು ಹಂಚಬೇಕೆಂಬ ಹೋರಾಟ ಹಳೆಯದು. ನಿವೃತ್ತ ಟ್ಯಾಪರಿಗೆ ಐದು ಸೆಂಟ್ಸ್ ಕೊಡಲು ಅಲ್ಲಿ ದಾರಿಯಿದೆ ಎನ್ನುವುದು ಸುಲಭ. ಆದರೆ ಇಲ್ಲಿನ ಮುಗೇರರು, ಅಜಿಲರು, ನಲಿಕೆಯವರು, ಬಾಕುಡರು ಅದೇ ಭೂಮಿಗಾಗಿ ಅರ್ಜಿ ಹಿಡಿದು ತಲೆಮಾರುಗಳಿಂದ ಕಾಯುತ್ತಿದ್ದಾರೆ. ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಪಂಚಾಯತ್ ಸೀಟುಗಳಿಂದ ಹಿಡಿದು ಹಾಸ್ಟೆಲ್ ಸೀಟುಗಳವರೆಗೆ ಇರುವಷ್ಟರಲ್ಲಿ ಪಾಲು ಕೇಳುವ ಹೊಸಬರು ಬಂದರೆ ಮೊದಲೇ ಇದ್ದ ಬಡವನಿಗೆ ಆತಂಕವಾಗುವುದು ಸಹಜ. ಆ ಆತಂಕವನ್ನು ತಮಿಳರ ಮೇಲಿನ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಇಬ್ಬರಿಗೂ ಆಗುವಷ್ಟು ಹಂಚದೆ ಫೈಲು ಮುಚ್ಚಿಟ್ಟವರು ಉತ್ತರ ಕೊಡಬೇಕೇ ಹೊರತು ಕಾಲನಿಯವರೂ ಅಲ್ಲ, ಮುಗೇರರೂ ಅಲ್ಲ.

ಜನಸಂಖ್ಯೆಯ ಬಣ್ಣ ಬದಲಾದಾಗ ಎಲ್ಲ ದೇಶಗಳಲ್ಲಿಯೂ ಇದೇ ಆತಂಕ ಏಳುತ್ತದೆ. ಅಮೆರಿಕದಲ್ಲಿ 1986ರ ತೆರಿಗೆ ಸುಧಾರಣೆಯೊಂದಿಗೆ ಒಂದು ಪದ್ಧತಿ ಬಂತು. ಬಡವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟುವವರಿಗೆ, ಅದಕ್ಕೆ ಹಣ ಹೂಡುವವರಿಗೆ ಸರಕಾರ ಹತ್ತು ವರ್ಷ ಆದಾಯ ತೆರಿಗೆಯಲ್ಲಿ ಕಡಿತ ಕೊಡುತ್ತದೆ. ಬದಲಿಗೆ ಬಾಡಿಗೆಯನ್ನು ಮಿತಿಯಲ್ಲಿಡಬೇಕು. ಮೊದಲು ಅದು 15 ವರ್ಷ, ಆಮೇಲೆ 30 ವರ್ಷಕ್ಕೆ ಬೆಳೆಯಿತು. ಇಂಥ ಕಟ್ಟಡ ಯಾವ ಬಡಾವಣೆಯಲ್ಲಿ ಏಳಬೇಕು, ಅಲ್ಲಿಗೆ ಯಾರು ಬಂದು ಸೇರುತ್ತಾರೆ ಎಂಬ ಜಗಳ ಅಲ್ಲಿ ಮುಗಿದೇ ಇಲ್ಲ. ಅವಧಿ ಮುಗಿದ ಕಟ್ಟಡದ ಬಾಡಿಗೆದಾರರು ಮುಂದೇನು ಎಂದು ಕಂಗಾಲಾಗುತ್ತಾರೆ. ನಮ್ಮಲ್ಲಿಯೂ 2016ರಿಂದ ಕೆಲವು ವರ್ಷ 80-ಐಬಿಎ ಕಲಮಿನಡಿ ಸಣ್ಣ ಫ್ಲ್ಯಾಟು ಕಟ್ಟುವ ಬಿಲ್ಡರಿಗೆ ಲಾಭದ ಮೇಲೆ ತೆರಿಗೆ ವಿನಾಯಿತಿ ಇತ್ತು. ಬ್ಯಾಂಕು ಸಾಲ ಕೊಡುವಂಥ ಸಂಬಳದವರಿಗೆ ಅದು ನೆರವಾಗಬಹುದು, ಟ್ಯಾಪರಿಗೆ ಅದು ದೂರದ ಮಾತು. ಅಮೆರಿಕದಲ್ಲಿ ಅವಧಿ ಇಟ್ಟದ್ದು ಕಟ್ಟಡಕ್ಕೆ. ನಮ್ಮ ಕಾಲನಿಗಳಲ್ಲಿ ಅವಧಿ ಇಟ್ಟದ್ದು ಮನುಷ್ಯನ ದುಡಿಯುವ ವಯಸ್ಸಿಗೆ.

ನನ್ನನ್ನು ಹೆಚ್ಚು ಕಾಡುವುದು ಆಚೆ ದಡದ ಕತೆ. ಬರಲು ನಿರಾಕರಿಸಿದವರು, ಹಡಗು ನಿಂತುಹೋದದ್ದರಿಂದ ಬರಲಾಗದವರು, 1984ರ ನಂತರ ಅಲ್ಲಿಯೇ ಉಳಿದರು. ಅಂತರ್ಯುದ್ಧ ನೋಡಿದರು, ಕಷ್ಟ ಕಡಿಮೆಯೇನಲ್ಲ. ಆದರೆ 2003ರಲ್ಲಿ ಶ್ರೀಲಂಕಾ ಕಾನೂನು ಮಾಡಿ ಅವರಿಗೆ ಪೌರತ್ವ ಕೊಟ್ಟಿತು. ಆಮೇಲೆ ಲೈನ್ ಕೋಣೆಗಳ ಬದಲಿಗೆ ತೋಟದ ಕುಟುಂಬಗಳಿಗೆ ತಲಾ ಏಳು ಪರ್ಚ್ ಜಾಗ, ನಮ್ಮ ಲೆಕ್ಕದಲ್ಲಿ ನಾಲ್ಕು ಸೆಂಟ್ಸಿಗಿಂತ ತುಸು ಹೆಚ್ಚು, ಕೊಡುವ ನೀತಿ ಬಂತು. ಆ ಜಾಗದಲ್ಲಿ ಮನೆ ಕಟ್ಟಲು ದುಡ್ಡು ಕೊಟ್ಟದ್ದು ಭಾರತ. ಮೊದಲು 4,000 ಮನೆಗಳು. 2017ರ ಮೇ ತಿಂಗಳಲ್ಲಿ ನಾರ್ವುಡ್‌ನಲ್ಲಿ ನರೇಂದ್ರ ಮೋದಿಯವರು ಇನ್ನೂ 10,000 ಮನೆಗಳನ್ನು ಘೋಷಿಸಿದರು. ಒಳ್ಳೆಯ ಕೆಲಸ, ಯಾರಾದರೂ ಮೆಚ್ಚಬೇಕಾದದ್ದು. ಹಾಗಿದ್ದರೆ ಭಾರತದ ಮಾತು ನಂಬಿ ಈಚೆ ದಡಕ್ಕೆ ಬಂದ ಅಣ್ಣನಿಗೆ, ಭಾರತದ್ದೇ ನೆಲದಲ್ಲಿ, ಆ ನಾಲ್ಕು ಸೆಂಟ್ಸ್ ಏಕಿಲ್ಲ? ತಮಿಳುನಾಡಿನಲ್ಲಿ ಟ್ಯಾನ್‌ಟೀಯ ನಿವೃತ್ತರೂ ಇದೇ ಸಂಕಟದಲ್ಲಿದ್ದರು. ಅಲ್ಲಿನ ಸರಕಾರ ಅವರಿಗಾಗಿ ಬೇರೆ ಮನೆ ಕಟ್ಟಿಸಿ ಕೊಡುವ ಕೆಲಸಕ್ಕೆ ಕೈಹಾಕಿದೆ. ದಾರಿ ಇಲ್ಲವೆಂದಲ್ಲ.

ಈ ಐವತ್ತು ವರ್ಷಗಳಲ್ಲಿ ತಾಲೂಕುಗಳಿಗೆ ಏನು ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವರಿಂದ ಕೆಲಸ ಕಲಿತವರು ಊರಿನ ಖಾಸಗಿ ತೋಟಗಳಲ್ಲಿ ಟ್ಯಾಪಿಂಗ್ ಮಾಡಿದರು. ಮಕ್ಕಳ ಸಂಖ್ಯೆ ಕುಸಿದು ಕನ್ನಡ ಶಾಲೆಗಳು ಒಂದೊಂದಾಗಿ ಬೀಗ ಹಾಕುವ ಕಾಲದಲ್ಲಿ ಕಾಲನಿಯ ಮಕ್ಕಳು ಅದೇ ಸರಕಾರಿ ಶಾಲೆಗಳ ಬೆಂಚು ತುಂಬಿದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಆಟದಲ್ಲಿ ತುಳು. ಗ್ರಾಮ ಪಂಚಾಯತ್‌ಗೆ ಗೆದ್ದು ಬಂದವರಿದ್ದಾರೆ. ಕಾಲನಿಯ ಮಾರಿಯಮ್ಮನ ಹಬ್ಬಕ್ಕೆ ಊರವರು ಹೋಗುತ್ತಾರೆ, ಊರಿನ ಜಾತ್ರೆಗೆ ಅವರು ಬರುತ್ತಾರೆ. ಮೊಮ್ಮಕ್ಕಳಿಗೆ ಸಿಲೋನ್ ಎಂಬುದು ಅಜ್ಜಿ ಹೇಳುವ ಊರು. ಈಗ ಆ ಮೊಮ್ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಎಂದು ಹೊರಡುತ್ತಿದ್ದಾರೆ. ಅಡಿಕೆ ತೋಟದ ಮಕ್ಕಳು ಹೊರಟುಹೋದಂತೆಯೇ ಇವರೂ ಹೊರಟಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ತೋಟಕ್ಕೆ ಮುಂದೆ ಎಲ್ಲಿಂದಲೋ ಇನ್ನೊಂದು ಗುಂಪು ಬರಬೇಕಾಗುತ್ತದೆ, ಬಂದವರಿಗೆ ಇದೇ ಕರಾರಿನ ಮನೆ ಕಾದಿರುತ್ತದೆ.

ಆಗಬೇಕಾದದ್ದು ದೊಡ್ಡ ಕ್ರಾಂತಿಯಲ್ಲ. ಮೂರೂ ತಾಲೂಕುಗಳ ಕಾಲನಿಗಳ ಮನೆ, ಜನ, ನಿವೃತ್ತರ ಪಟ್ಟಿಯನ್ನು ಕಂದಾಯ, ಅರಣ್ಯ ಇಲಾಖೆಗಳು ಮತ್ತು ನಿಗಮ ಒಟ್ಟಿಗೆ ಕೂತು ಮಾಡಬೇಕು. ಕಾಲನಿಯಷ್ಟು ಜಾಗವನ್ನು ಮಾತ್ರ ಅರಣ್ಯದಿಂದ ಬಿಡಿಸಲು, ಬದಲಿಗೆ ಬೇರೆಡೆ ಕಂದಾಯ ಭೂಮಿ ಕೊಡಲು ರಾಜ್ಯ ಸರಕಾರ ಕೇಂದ್ರಕ್ಕೆ ಪ್ರಸ್ತಾವ ಕಳುಹಿಸಬೇಕು. ಸಾವಿರಾರು ಹೆಕ್ಟೇರ್ ತೋಟದಲ್ಲಿ ಮನೆಗಳು ಹಿಡಿದಿರುವುದು ಚಿಕ್ಕ ತುಣುಕು. ಅದಾಗುವ ತನಕ ನಿವೃತ್ತರು ಈಗಿರುವ ಮನೆಯಲ್ಲಿಯೇ ಇರಲಿ ಎಂಬ ಒಂದು ಆದೇಶ ಸಾಕು, ಮತ್ತು ಅವರ ಗ್ರಾಚ್ಯುಟಿಯನ್ನೂ ಮನೆಯ ಬೀಗದ ಕೈಯನ್ನೂ ಒಂದಕ್ಕೊಂದು ಗಂಟು ಹಾಕದಿರಬೇಕು. ಗ್ರಾಚ್ಯುಟಿ ಅವರ ದುಡಿಮೆಯ ಹಣ. ಒಪ್ಪಂದಕ್ಕೆ ಸಹಿ ಬಿದ್ದು ಅರವತ್ತು ವರ್ಷ ದಾಟಿತು. ಮಂಡಪಂನಲ್ಲಿ ಫ್ಯಾಮಿಲಿ ಕಾರ್ಡು ಪಡೆದವರಲ್ಲಿ ಬದುಕಿರುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಹಕ್ಕುಪತ್ರವನ್ನು ಅವರ ಕೈಗೇ ಕೊಡುವುದಾದರೆ ಹೆಚ್ಚು ಕಾಲವಿಲ್ಲ.